ಕೆಳಗೆ ಬಿದ್ದ ಒಂದು ಫೋರ್ಸೆಪ್ಸ್: ಹಾಫ್‌ಕಿನ್ ಕಥೆ

ಮೈಕ್ರೋಬಯಾಲಜಿ ಲ್ಯಾಬ್‌ನಲ್ಲಿ ಮೊದಲ ದಿನವೇ ಹೇಳಿಕೊಡೋ ಪಾಠ: ಲೂಪ್ ಇರಲಿ, ಫೋರ್ಸೆಪ್ಸ್ ಇರಲಿ, ಮುಟ್ಟೋ ಮುಂಚೆ ಬರ್ನರ್ ಉರಿಗೆ ಹಿಡೀಬೇಕು. ಹತ್ತನೇ ಸಲ ಹಿಡಿಯುವಾಗ ಬೇಜಾರಾಗುತ್ತೆ, ಸುಳ್ಳು ಯಾಕೆ ಹೇಳಲಿ. ಆದ್ರೆ ವಾಲ್ಡೆಮಾರ್ ಹಾಫ್‌ಕಿನ್ ಬದುಕು ಗೊತ್ತಾದ ಮೇಲೆ ನಾನು ಆ ಕೆಲಸ ಬಿಟ್ಟಿಲ್ಲ.

ಯಾದಗಿರಿ, ಶಹಾಪುರ, ಸುರಪುರ ಕಡೆ ಹಿರಿಯರನ್ನು ಕೇಳಿ ನೋಡಿ. ಪ್ಲೇಗ್ ಬಂದಾಗ ಊರು ಬಿಟ್ಟು ಹೊಲದಾಗ ಗುಡಿಸಲು ಹಾಕ್ಕೊಂಡು ಇರ್ತಿದ್ರು ಅಂತ ಹೇಳ್ತಾರೆ. ಆ ರೋಗ 1896ರಲ್ಲಿ ಮುಂಬೈಯಲ್ಲಿ ಕಾಣಿಸಿಕೊಂಡಿತು. ಯಾದಗಿರಿ ಸ್ಟೇಷನ್ ದಾಟಿ ಹೋಗೋ ಹಳಿಯ ಆ ತುದಿಯಲ್ಲೇ ಹಾಫ್‌ಕಿನ್ ಕೆಲಸ ಮಾಡಿದ್ದು.

ಅವರು ಹುಟ್ಟಿದ್ದು 1860ರಲ್ಲಿ, ಆಗ ರಷ್ಯಾ ಸಾಮ್ರಾಜ್ಯದಲ್ಲಿದ್ದ ಒಡೆಸ್ಸಾದ ಯಹೂದಿ ಮನೆತನದಲ್ಲಿ. ಮೆಕ್ನಿಕಾಫ್ ಎಂಬ ದೊಡ್ಡ ವಿಜ್ಞಾನಿಯ ಶಿಷ್ಯ. ಧರ್ಮ ಬದಲಿಸಿದ್ದರೆ ಅಲ್ಲೇ ಒಳ್ಳೆ ಹುದ್ದೆ ಸಿಗುತ್ತಿತ್ತು, ಅವರು ಒಪ್ಪಲಿಲ್ಲ. 1889ರಲ್ಲಿ ಪ್ಯಾರಿಸ್ಸಿನ ಪಾಸ್ಚರ್ ಸಂಸ್ಥೆಗೆ ಬಂದಾಗ ಸಿಕ್ಕಿದ್ದು ಲೈಬ್ರರಿ ಕೆಲಸ. ಬಿಡುವಿನ ಹೊತ್ತಲ್ಲಿ ಲ್ಯಾಬ್‌ನಲ್ಲಿ ದುಡಿದು ಕಾಲರಾ ಲಸಿಕೆ ಮಾಡಿದರು. 1892ರಲ್ಲಿ ಮೊದಲು ತಮಗೇ ಚುಚ್ಚಿಕೊಂಡರು. ಮರುವರ್ಷ ಭಾರತಕ್ಕೆ ಬಂದು ಸಾವಿರಾರು ಜನಕ್ಕೆ ಆ ಲಸಿಕೆ ಹಾಕಿದರು.

ಪ್ಲೇಗ್ ಶುರುವಾದಾಗ ಸರ್ಕಾರ ಅವರನ್ನು ಮುಂಬೈಗೆ ಕರೆಸಿತು. ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಕೊಟ್ಟಿದ್ದು ಒಂದು ಕೋಣೆ, ಒಂದು ವರಾಂಡ, ಒಬ್ಬ ಗುಮಾಸ್ತ, ಮೂವರು ಜವಾನರು. ಅಷ್ಟರಲ್ಲೇ ಅವರು ಕಲ್ಚರ್ ಶುರು ಮಾಡಿದರು. ಫ್ಲಾಸ್ಕಿನಲ್ಲಿ ಮೇಕೆ ಮಾಂಸದ ಸಾರು, ಅದರ ಮೇಲೆ ತೇಲುವ ತುಪ್ಪದ ಹನಿಗಳು! ಪ್ಲೇಗ್ ಬ್ಯಾಕ್ಟೀರಿಯಾ ಆ ಹನಿಗಳಿಗೆ ಅಂಟಿಕೊಂಡು ಶಾವಿಗೆ ಎಳೆಯ ಹಾಗೆ ಕೆಳಕ್ಕೆ ಇಳಿಬಿದ್ದು ಬೆಳೀತಿತ್ತು. ಫ್ಲಾಸ್ಕ್ ಅಲ್ಲಾಡಿಸಿದರೆ ಎಳೆಗಳು ಉದುರಿ ಹೊಸ ಎಳೆಗಳು ಬರುತ್ತಿದ್ದವು. ವಾರಗಟ್ಟಲೆ ಹೀಗೆ ಬೆಳೆಸಿ, 65–70 ಡಿಗ್ರಿ ಶಾಖದಲ್ಲಿ ಒಂದು ಗಂಟೆ ಇಟ್ಟು ಕೊಂದು, ಸ್ವಲ್ಪ ಕಾರ್ಬಾಲಿಕ್ ಆಸಿಡ್ ಸೇರಿಸಿದರೆ ಲಸಿಕೆ ರೆಡಿ.

ಬೆಳೆದದ್ದು ಪ್ಲೇಗೇನಾ, ಬೇರೆ ಏನಾದರೂ ಸೇರಿದೆಯಾ ಅಂತ ತಿಳಿಯೋಕೆ ಸ್ಟೇನಿಂಗ್ ಬೇಕು. ಸ್ಲೈಡ್ ಮೇಲೆ ತೆಳ್ಳಗೆ ಸವರಿ, ಒಣಗಿಸಿ, ಬಿಸಿ ತೋರಿಸಿ ಬಣ್ಣ ಹಾಕಿದರೆ ಪ್ಲೇಗ್ ಬ್ಯಾಕ್ಟೀರಿಯಾದ ಎರಡು ತುದಿ ಮಾತ್ರ ಗಾಢವಾಗಿ, ನಡುವೆ ತಿಳಿಯಾಗಿ ಸೇಫ್ಟಿ ಪಿನ್ ಥರ ಕಾಣುತ್ತೆ. ಧನುರ್ವಾಯುವಿನ ಬ್ಯಾಕ್ಟೀರಿಯಾ ಹಾಗಲ್ಲ. ಒಂದು ತುದಿಯಲ್ಲಿ ಗುಂಡಗೆ ಬೀಜಕ, ನೋಡೋಕೆ ಡ್ರಮ್ ಬಾರಿಸೋ ಕೋಲು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತೆ.

1897ರ ಜನವರಿ 10ರಂದು ಈ ಲಸಿಕೆಯನ್ನೂ ಮೊದಲು ತಮಗೇ ಹಾಕಿಸಿಕೊಂಡರು. ನಂತರ ಬೈಕುಲ್ಲಾ ಜೈಲಿನಲ್ಲಿ ಒಪ್ಪಿದ ಕೈದಿಗಳಿಗೆ. ಹಾಕಿಸಿಕೊಂಡವರಲ್ಲಿ ಪ್ಲೇಗ್ ಕಮ್ಮಿಯಾಯ್ತು. 1898ರಲ್ಲಿ ಹುಬ್ಬಳ್ಳಿಯಲ್ಲಿ ಪ್ಲೇಗ್ ಜೋರಾದಾಗ ಅಲ್ಲಿನ ಸಾವಿರಾರು ಜನ ಇದೇ ಲಸಿಕೆ ಹಾಕಿಸಿಕೊಂಡರು.

1902ರ ಅಕ್ಟೋಬರ್ 30. ಪಂಜಾಬಿನ ಮುಲ್ಕೋವಾಲ್ ಹಳ್ಳಿ. ಅವತ್ತು 107 ಜನ ಲಸಿಕೆ ಹಾಕಿಸಿಕೊಂಡರು. ಅವರಲ್ಲಿ 53-ಎನ್ ಅನ್ನೋ ಒಂದೇ ಬಾಟಲಿಯಿಂದ ಪಡೆದ 19 ಜನ ಧನುರ್ವಾಯುವಿನಿಂದ ಸತ್ತರು. ಕಾರ್ಬಾಲಿಕ್ ಆಸಿಡ್ ಬಿಟ್ಟು ಬರೀ ಶಾಖ ನಂಬಿದ್ದೇ ತಪ್ಪು, ಬಾಟಲಿ ಮುಂಬೈ ಲ್ಯಾಬ್‌ನಲ್ಲೇ ಕೆಟ್ಟಿತ್ತು ಅಂತ ತನಿಖೆ ಹೇಳಿತು. ಹಾಫ್‌ಕಿನ್ ಕೆಲಸ ಕಳೆದುಕೊಂಡರು, 1904ರಲ್ಲಿ ದೇಶ ಬಿಟ್ಟರು.

ಆದ್ರೆ ಹಳ್ಳಿಯಲ್ಲಿ ನಡೆದದ್ದೇ ಬೇರೆ. ಬಾಟಲಿ ತೆರೆಯುವಾಗ ಸಹಾಯಕನ ಕೈಯಿಂದ ಫೋರ್ಸೆಪ್ಸ್ ನೆಲಕ್ಕೆ ಬಿದ್ದಿತ್ತು. ಅದನ್ನು ಉರಿಗೆ ಹಿಡಿಯದೆ ಕಾರ್ಬಾಲಿಕ್ ನೀರಲ್ಲಿ ಅದ್ದಿ ಬಳಸಿದ್ದ. ಮಣ್ಣಲ್ಲಿರೋ ಧನುರ್ವಾಯು ಬೀಜಕ ಅಷ್ಟಕ್ಕೆ ಸಾಯಲ್ಲ. ಮಲೇರಿಯಾ ಖ್ಯಾತಿಯ ರೊನಾಲ್ಡ್ ರಾಸ್ ಮತ್ತಿತರರು ಹಾಫ್‌ಕಿನ್ ಪರ ನಿಂತರು. ವಾದ ಸರಳ: ವಾರಗಟ್ಟಲೆ ಹಿಂದೆ ತುಂಬಿ ಮುಚ್ಚಿದ ಬಾಟಲಿಯೊಳಗೆ ಮೊದಲೇ ಆ ಬ್ಯಾಕ್ಟೀರಿಯಾ ಇದ್ದಿದ್ದರೆ ಅದು ಚೆನ್ನಾಗಿ ಬೆಳೆದು, ತೆರೆದ ಕೂಡಲೇ ನಾತ ಹೊಡೀಬೇಕಿತ್ತು. ಅಂಥದ್ದೇನೂ ಇರಲಿಲ್ಲ. 1907ರಲ್ಲಿ ಸರ್ಕಾರ ಅವರನ್ನು ವಾಪಸ್ ಕರೆಯಿತು. ಆದರೆ ಕಳುಹಿಸಿದ್ದು ಕಲ್ಕತ್ತಕ್ಕೆ, ತಾವೇ ಕಟ್ಟಿದ ಮುಂಬೈ ಲ್ಯಾಬ್ ಮತ್ತೆ ಅವರ ಕೈಗೆ ಬರಲಿಲ್ಲ. ಆ ಸಂಸ್ಥೆಗೆ ಅವರ ಹೆಸರಿಟ್ಟದ್ದು 1925ರಲ್ಲಿ. 1930ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ತೀರಿಕೊಂಡರು.

ಹಾಫ್‌ಕಿನ್‌ಗೆ ಕೊನೆಗೆ ನ್ಯಾಯ ಸಿಕ್ತು, ಅರ್ಧದಷ್ಟಾದರೂ. ಮುಲ್ಕೋವಾಲಿನ ಆ 19 ಮನೆಗಳಿಗೆ ಏನು ಸಿಕ್ತು? ಎರಡು ಸೆಕೆಂಡಿನ ಕೆಲಸ ಅದು. ನಾಳೆ ಲ್ಯಾಬ್‌ನಲ್ಲಿ ಫೋರ್ಸೆಪ್ಸ್ ಕೈಜಾರಿದರೆ ಸುತ್ತ ಯಾರೂ ನೋಡ್ತಿಲ್ಲ ಅಂತ ಹಾಗೇ ಎತ್ತಿಕೊಳ್ಳಬೇಡಿ. ಮೊದಲು ಉರಿಗೆ ಹಿಡೀರಿ.