ಪೊರೆಯನ್ನು ಬಿಚ್ಚಿ ಮತ್ತೆ ಜೋಡಿಸಿದ ಮೇಷ್ಟ್ರು: ಎಫ್ರೇಮ್ ರಾಕರ್

ಮೈಟೊಕಾಂಡ್ರಿಯ ಎಂದರೇನು ಎಂದು ನಮ್ಮ ಶಾಲೆಯಲ್ಲಿ ಓದಿದ ಯಾರನ್ನು ಕೇಳಿದರೂ ಜೀವಕೋಶದ ಶಕ್ತಿಕೇಂದ್ರ ಎಂಬ ಉತ್ತರ ತಡವಿಲ್ಲದೆ ಬರುತ್ತದೆ. ಒಂದು ಅಂಕದ ಪ್ರಶ್ನೆಗೆ ಅಷ್ಟು ಸಾಕು. ಆ ಶಕ್ತಿಕೇಂದ್ರದ ಒಳಪೊರೆಯಲ್ಲಿ ಕೆಲಸ ಮಾಡುವ ಯಂತ್ರ ಯಾವುದು, ಅದನ್ನು ಬಿಚ್ಚಿ ನೋಡಿದವರು ಯಾರು ಎಂದು ಮಕ್ಕಳು ಕೇಳಲಿಲ್ಲ, ಬೋರ್ಡಿನ ಮೇಲೆ ಚಿತ್ರ ಬರೆಯುತ್ತಿದ್ದ ನಾನೂ ಹೇಳಲಿಲ್ಲ. ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ ಆ ಬಾಕಿ ತೀರಿಸುತ್ತಿದ್ದೇನೆ.

ಎಫ್ರೇಮ್ ರಾಕರ್ ಹುಟ್ಟಿದ್ದು 1913ರಲ್ಲಿ, ಈಗ ಪೋಲೆಂಡಿಗೆ ಸೇರಿರುವ ಒಂದು ಊರಿನ ಯಹೂದಿ ಕುಟುಂಬದಲ್ಲಿ. ಬೆಳೆದದ್ದು ಆಸ್ಟ್ರಿಯಾದ ವಿಯೆನ್ನಾದಲ್ಲಿ. ಚಿಕ್ಕಂದಿನಿಂದ ಚಿತ್ರಕಲೆಯ ಹುಚ್ಚು, ಓದಿದ್ದು ವೈದ್ಯಕೀಯ. 1938ರಲ್ಲಿ ಪದವಿ ಮುಗಿಸಿದ ವರ್ಷವೇ ಹಿಟ್ಲರನ ಸೈನ್ಯ ಆಸ್ಟ್ರಿಯಾದೊಳಗೆ ಬಂತು. ರಾಕರ್ ಬ್ರಿಟನ್ನಿಗೆ ಪಾರಾಗಿ, ಕಾರ್ಡಿಫ್‌ನ ಮಾನಸಿಕ ಆಸ್ಪತ್ರೆಯಲ್ಲಿ ಕ್ವಾಸ್ಟೆಲ್ ಎಂಬ ವಿಜ್ಞಾನಿಯ ಬಳಿ ಮನೋರೋಗಗಳ ರಾಸಾಯನಿಕ ಕಾರಣ ಹುಡುಕುವ ಕೆಲಸಕ್ಕೆ ಸೇರಿದರು. ಯುದ್ಧದ ನಡುವೆ ಅಮೆರಿಕಕ್ಕೆ ಹೋಗಿ ನ್ಯೂಯಾರ್ಕಿನ ಹಾರ್ಲೆಮ್ ಆಸ್ಪತ್ರೆಯಲ್ಲಿ ಡಾಕ್ಟರಾಗಿ ದುಡಿದರು. ಆಮೇಲೆ ರೋಗಿಗಳನ್ನು ಬಿಟ್ಟು ಪೂರ್ತಿ ಸಂಶೋಧನೆಗೆ ಬಂದರು.

1954ರಲ್ಲಿ ನ್ಯೂಯಾರ್ಕ್ ನಗರದ ಸಾರ್ವಜನಿಕ ಆರೋಗ್ಯ ಸಂಶೋಧನಾ ಸಂಸ್ಥೆ ಸೇರಿದ ಮೇಲೆ ಅವರ ನಿಜವಾದ ಕೆಲಸ ಶುರುವಾಯಿತು. ನಾವು ಉಂಡ ಅನ್ನ ಕೊನೆಗೆ ಎಟಿಪಿ ಎಂಬ ಅಣುವಾಗಿ ಜೀವಕೋಶದ ಖರ್ಚಿಗೆ ಒದಗುತ್ತದೆ; ಚಿಲ್ಲರೆ ಕಾಸಿದ್ದಂತೆ. ಆ ಕಾಸು ಟಂಕಿಸುವುದು ಪೊರೆಯ ಯಾವ ಭಾಗ? ರಾಕರ್ ತಂಡ ದನದ ಹೃದಯದಿಂದ ಮೈಟೊಕಾಂಡ್ರಿಯ ಬೇರ್ಪಡಿಸಿ, ಸಣ್ಣ ಗಾಜಿನ ಮಣಿಗಳ ಜೊತೆ ಜೋರಾಗಿ ಕುಲುಕಿ ಒಡೆಯಿತು. ಉಳಿದ ಪೊರೆಯ ಚೂರುಗಳು ಆಮ್ಲಜನಕ ಬಳಸುತ್ತಿದ್ದವು, ಆದರೆ ಎಟಿಪಿ ಮಾಡುತ್ತಿರಲಿಲ್ಲ. ಕಳಚಿ ನೀರಿಗೆ ಬಂದಿದ್ದ ಒಂದು ಪ್ರೋಟೀನನ್ನು ತಿರುಗಿ ಸೇರಿಸಿದರೆ ಎಟಿಪಿ ತಯಾರಿ ಮತ್ತೆ ಶುರು. ಅದಕ್ಕೆ ಎಫ್-ಒನ್ ಎಂದು ಹೆಸರಿಟ್ಟರು. 1960ರಲ್ಲಿ ಪ್ರಕಟವಾದ ಈ ಲೇಖನದಲ್ಲಿ ರಾಕರ್ ಜೊತೆ ಪುಲ್‌ಮನ್, ಪೆನೆಫ್‌ಸ್ಕಿ ಮತ್ತು ಅನಿಮಾ ದತ್ತ ಅವರ ಹೆಸರುಗಳಿವೆ.

ಈ ಎಫ್-ಒನ್ ವಿಚಿತ್ರದ ವಸ್ತು. ಕಿಣ್ವ ಕೆಡಬಾರದೆಂದು ಐಸಿನಲ್ಲಿಡುವುದು ಎಲ್ಲ ಪ್ರಯೋಗಾಲಯಗಳ ರೂಢಿ. ಇದು ಐಸಿನಲ್ಲಿಟ್ಟರೇ ಕೆಡುತ್ತದೆ, ಹೊರಗೆ ಕೋಣೆಯ ಬಿಸಿಯಲ್ಲಿ ಚೆನ್ನಾಗಿರುತ್ತದೆ! ಗುರುಗಳು ಹೇಳಿಕೊಟ್ಟ ರೂಢಿಯನ್ನು ಕಣ್ಣುಮುಚ್ಚಿ ಪಾಲಿಸಿದವನಿಗೆ ಇದು ಸಿಗುತ್ತಲೇ ಇರಲಿಲ್ಲ.

ರಾಕರ್ ಕೈಕೆಳಗೆ ತಯಾರಾದವರು ಹಲವರು. ಆಸ್ಟ್ರಿಯಾದಿಂದ ಬಂದ ಗಾಟ್‌ಫ್ರೀಡ್ ಶಾಟ್ಸ್, ಜಪಾನಿನಿಂದ ಬಂದ ಯಾಸುವೊ ಕಗಾವಾ ಮುಂದೆ ತಾವೇ ದೊಡ್ಡ ಹೆಸರಾದರು. ಎಫ್-ಒನ್ ಅನ್ನು ಪೊರೆಯಲ್ಲಿ ಹಿಡಿದು ನಿಲ್ಲಿಸುವ ಭಾಗವನ್ನು ಕಗಾವಾ ಮತ್ತು ರಾಕರ್ ಗುರುತಿಸಿದರು. ಆಲಿಗೊಮೈಸಿನ್ ಎಂಬ ಔಷಧ ತಡೆಯೊಡ್ಡುವುದು ಈ ಭಾಗದ ಮೂಲಕವಾದ್ದರಿಂದ ಅದು ಎಫ್-ಓ. ಅಲ್ಲಿರುವುದು ಇಂಗ್ಲಿಷಿನ ಓ ಅಕ್ಷರ, ಸೊನ್ನೆಯಲ್ಲ. ಎಷ್ಟೋ ಪುಸ್ತಕಗಳು ಸೊನ್ನೆ ಎಂದೇ ಅಚ್ಚು ಮಾಡಿವೆ, ವಿಜ್ಞಾನದ ಮೇಷ್ಟ್ರುಗಳು ತಿದ್ದಿಕೊಳ್ಳಬಹುದು.

1966ರಲ್ಲಿ ಅವರು ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಬಂದು ಜೀವರಸಾಯನ ವಿಭಾಗ ಕಟ್ಟಿದರು. ಸಂಶೋಧನಾ ವಿದ್ಯಾರ್ಥಿಗಳಿಗೆ ಅವರು ಹೇಳುತ್ತಿದ್ದ ಮೊದಲ ಪಾಠ ಇಂದಿಗೂ ಪ್ರಸಿದ್ಧ: ಕಲಬೆರಕೆ ಕಿಣ್ವದ ಮೇಲೆ ಒಳ್ಳೆಯ ಯೋಚನೆಯನ್ನು ಹಾಳುಮಾಡಬೇಡಿ. ಮೊದಲು ಶುದ್ಧಮಾಡು, ಆಮೇಲೆ ತಲೆ ಓಡಿಸು. ಎರಡನೆಯದು, ಬಿಚ್ಚಿದ್ದನ್ನು ತಿರುಗಿ ಜೋಡಿಸಿ ಓಡಿಸಿ ತೋರಿಸು. ಪಂಪ್‌ಸೆಟ್ ರಿಪೇರಿ ಬಲ್ಲ ನಮ್ಮೂರಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಪೊರೆಯ ಎರಡು ಬದಿಯ ಪ್ರೋಟಾನುಗಳ ಏರುಪೇರಿನಿಂದಲೇ ಎಟಿಪಿ ಆಗುತ್ತದೆ ಎಂದು ಇಂಗ್ಲೆಂಡಿನ ಪೀಟರ್ ಮಿಚೆಲ್ 1961ರಲ್ಲಿ ಹೇಳಿದಾಗ ಬಹುತೇಕರು ನಂಬಲಿಲ್ಲ. ರಾಕರ್ ಅವರಿಗೂ ಅನುಮಾನವಿತ್ತು. 1974ರಲ್ಲಿ ಅವರೂ ಸ್ಟೋಕೆನಿಯಸ್ ಅವರೂ ಸೇರಿ ಒಂದು ಪ್ರಯೋಗ ಮಾಡಿದರು. ಕೊಬ್ಬಿನ ಪುಟ್ಟ ಗುಳ್ಳೆಗಳ ಪೊರೆಯಲ್ಲಿ, ಉಪ್ಪುನೀರಿನ ಸೂಕ್ಷ್ಮಜೀವಿಯ ನೇರಳೆ ಪ್ರೋಟೀನನ್ನೂ ದನದ ಹೃದಯದ ಎಟಿಪಿ ಯಂತ್ರವನ್ನೂ ಕೂಡಿಸಿ ಬೆಳಕು ಬಿಟ್ಟರು. ನೇರಳೆ ಪ್ರೋಟೀನು ಪ್ರೋಟಾನುಗಳನ್ನು ತಳ್ಳಿತು, ಎಟಿಪಿ ತಯಾರಾಯಿತು. ಎಲ್ಲಿಯ ಸೂಕ್ಷ್ಮಜೀವಿ, ಎಲ್ಲಿಯ ದನ! ಎರಡರ ನಡುವೆ ಪ್ರೋಟಾನಿನ ಹೊರತು ಬೇರೆ ನಂಟಿರುವುದು ಸಾಧ್ಯವಿರಲಿಲ್ಲ. 1978ರಲ್ಲಿ ಮಿಚೆಲ್ ಅವರಿಗೆ ನೊಬೆಲ್ ಬಂತು.

ಇಷ್ಟು ಎಚ್ಚರದ ಮೇಷ್ಟ್ರಿಗೂ ಏಟು ಬಿದ್ದದ್ದು 1981ರಲ್ಲಿ. ಕ್ಯಾನ್ಸರ್ ಕೋಶಗಳು ಸಕ್ಕರೆಯನ್ನು ವಿಪರೀತ ಖರ್ಚುಮಾಡುವುದಕ್ಕೆ, ಕೋಶಪೊರೆಯ ಸೋಡಿಯಂ ಪಂಪು ಕೆಟ್ಟು ಎಟಿಪಿ ದಂಡವಾಗುವುದು ಕಾರಣ ಎಂಬುದು ರಾಕರ್ ಊಹೆ. ಹೊಸದಾಗಿ ಬಂದ ಒಬ್ಬ ಚುರುಕು ವಿದ್ಯಾರ್ಥಿ ಅದಕ್ಕೆ ಒಂದರ ಮೇಲೊಂದು ಸಾಕ್ಷಿ ತಂದುಕೊಟ್ಟ. ತನ್ನದೇ ಊಹೆಗೆ ಸಿಕ್ಕ ಸಾಕ್ಷಿಯನ್ನು ಅನುಮಾನಿಸುವುದು ಎಂಥವರಿಗೂ ಕಷ್ಟ. ಲೇಖನಗಳು ಅಚ್ಚಾದವು, ಹೊಗಳಿಕೆ ಬಂತು. ಒಂದು ದಿನ ಸಹೋದ್ಯೋಗಿಯೊಬ್ಬರು ಪರೀಕ್ಷಿಸಿದಾಗ, ವಿಕಿರಣದ ರಂಜಕ ಇರಬೇಕಾದಲ್ಲಿ ವಿಕಿರಣದ ಅಯೋಡಿನ್ ಸಿಕ್ಕಿತು. ಫಿಲಂ ಮೇಲೆ ಎರಡೂ ಕಪ್ಪು ಪಟ್ಟಿಯೇ. ರಾಕರ್ ಅವನಿಗೆ ಕಿಣ್ವಗಳನ್ನು ಮೊದಲಿನಿಂದ ಶುದ್ಧಮಾಡಿ ತೋರಿಸಲು ಅವಕಾಶ ಕೊಟ್ಟರು. ಹೇಳಿದಂತೆ ಆಗಲಿಲ್ಲ. ವಿದ್ಯಾರ್ಥಿ ವಿಶ್ವವಿದ್ಯಾಲಯ ಬಿಟ್ಟ. ಆ ಫಲಿತಾಂಶಗಳನ್ನು ನಂಬಬೇಡಿ ಎಂದು ರಾಕರ್ ಅದೇ ವರ್ಷ ಪತ್ರಿಕೆಯಲ್ಲಿ ಬಹಿರಂಗವಾಗಿ ಹೇಳಿಕೊಂಡರು. ಆಗ ಅವರಿಗೆ 68 ವರ್ಷ.

ಅಲ್ಲಿಗೆ ಅವರು ಮುದುಡಿ ಕೂರಲಿಲ್ಲ. 1985ರಲ್ಲಿ ಪೊರೆಯ ಪ್ರೋಟೀನುಗಳನ್ನು ಬಿಚ್ಚಿ ಜೋಡಿಸುವ ವಿದ್ಯೆಯ ಬಗ್ಗೆ ಪುಸ್ತಕ ಬರೆದರು. ವಿಜ್ಞಾನದಲ್ಲಿ ನಡೆಯುವ ಮೋಸದ ಬಗ್ಗೆ 1989ರಲ್ಲಿ ನೇಚರ್ ಪತ್ರಿಕೆಯಲ್ಲಿ ಲೇಖನ ಬರೆದರು. ಬಿಡುವಿನಲ್ಲಿ ಚಿತ್ರ ಬರೆಯುವುದಂತೂ ನಿಲ್ಲಲಿಲ್ಲ. 1991ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಅವರು ಬಿಚ್ಚಿ ತೋರಿಸಿದ ಎಟಿಪಿ ಯಂತ್ರ ತಿರುಗುವ ಬಗೆಯನ್ನು ವಿವರಿಸಿದ ಬೋಯರ್ ಮತ್ತು ವಾಕರ್ ಅವರಿಗೆ ನೊಬೆಲ್ ಬಂದಾಗ 1997.