ಇಂದಿನ ಚಿಂತನೆ: ಆರು ಚುಕ್ಕೆಗಳ ಗುರು



ಮೊನ್ನೆ ತಾಯಿಯೊಬ್ಬರು ನನ್ನನ್ನು ಒಂದು ಮಾತು ಕೇಳಿದರು. ಅವರ ಮಗಳಿಗೆ ದೃಷ್ಟಿಯಿಲ್ಲ. ಪಾಠವನ್ನೆಲ್ಲ ಈಗ ಮೊಬೈಲೇ ಓದಿ ಹೇಳುತ್ತದೆ, ಮತ್ತೆ ಬ್ರೈಲ್ ಕಲಿಯುವ ಕಷ್ಟ ಯಾಕೆ ಎಂದು. ಆಗ ನನಗೆ ನೆನಪಾದದ್ದು ಲೂಯಿ ಬ್ರೈಲ್ ಅವರ ಬದುಕು.

ಅವರು ಹುಟ್ಟಿದ್ದು 1809ರ ಜನವರಿ 4ರಂದು, ಪ್ಯಾರಿಸ್ ಹತ್ತಿರದ ಒಂದು ಹಳ್ಳಿಯಲ್ಲಿ. ತಂದೆ ಕುದುರೆಯ ಜೀನು ಹೊಲಿಯುವವರು. ಮೂರು ವರ್ಷದ ಮಗು ತಂದೆಯ ಅಂಗಡಿಯಲ್ಲಿ ಆಡುತ್ತ, ಚರ್ಮಕ್ಕೆ ತೂತು ಹಾಕುವ ಮೊನಚಾದ ಹತಾರದಿಂದ ಕಣ್ಣಿಗೆ ಗಾಯ ಮಾಡಿಕೊಂಡಿತು. ನಂಜು ಇನ್ನೊಂದು ಕಣ್ಣಿಗೂ ಹಬ್ಬಿತು. ಐದನೆಯ ವಯಸ್ಸಿಗೆ ಪೂರ್ತಿ ಕತ್ತಲೆ.

ಹತ್ತನೆಯ ವಯಸ್ಸಿನಲ್ಲಿ ಪ್ಯಾರಿಸ್ಸಿನ ಅಂಧರ ಶಾಲೆ ಸೇರಿದರು. ಅಲ್ಲಿದ್ದದ್ದು ಉಬ್ಬಿದ ದೊಡ್ಡ ಅಕ್ಷರಗಳ ಪುಸ್ತಕ. ಸವರಿ ಸವರಿ ನಿಧಾನವಾಗಿ ಓದಬಹುದಿತ್ತು, ಬರೆಯಲು ಆಗುತ್ತಿರಲಿಲ್ಲ. ಸೇನೆಯಲ್ಲಿದ್ದ ಬಾರ್ಬಿಯೆ ಎಂಬವರು 12 ಚುಕ್ಕೆಗಳ ಲಿಪಿಯೊಂದನ್ನು ಹುಡುಕಿದ್ದರು. ಅದು ಬೆರಳ ತುದಿಗೆ ಒಮ್ಮೆಲೇ ಸಿಗುತ್ತಿರಲಿಲ್ಲ. ಲೂಯಿ ಅದನ್ನು 6 ಚುಕ್ಕೆಗೆ ಇಳಿಸಿದರು. ಆಗ 1824, ಅವರಿಗಿನ್ನೂ 15 ವರ್ಷ. ಕಾಗದದ ಮೇಲೆ ಚುಕ್ಕೆ ಒತ್ತಲು ಬೇಕಾದದ್ದು ಒಂದು ಮೊನಚಾದ ಕಡ್ಡಿ. ಕಣ್ಣು ಕಳೆದ ಹತಾರದಂಥದ್ದೇ ಅಕ್ಷರ ಕೊಟ್ಟಿತು.

ಅವರು ಅದೇ ಶಾಲೆಯಲ್ಲಿ ಶಿಕ್ಷಕರಾದರು. ಪ್ಯಾರಿಸ್ಸಿನ ಚರ್ಚಿನಲ್ಲಿ ಆರ್ಗನ್ ನುಡಿಸಿದರು. ಸಂಗೀತದ ಸ್ವರಗಳನ್ನೂ ಚುಕ್ಕೆಗಳಲ್ಲೇ ಬರೆಯುವ ಕ್ರಮ ಮಾಡಿ 1829ರಲ್ಲಿ ಪ್ರಕಟಿಸಿದರು. ನಾವು ಸಮ್ಯಕ್ ಆಜೀವ ಎನ್ನುತ್ತೇವಲ್ಲ, ಅದು ಅವರಿಗೆ ದಾನವಾಗಿ ಬರಲಿಲ್ಲ, ದುಡಿಮೆಯಿಂದ ಬಂತು.

ಇನ್ನೊಂದು ಕೊರಗು ಉಳಿದಿತ್ತು. ಊರಿನ ಮನೆಯವರಿಗೆ ಚುಕ್ಕೆ ಓದಲು ಬಾರದು. ಕಾಗದ ಬರೆಯಬೇಕೆಂದರೆ ಮನಸ್ಸಿನ ಮಾತನ್ನು ಬೇರೆಯವರಿಗೆ ಹೇಳಿ ಬರೆಸಬೇಕು. 1839ರಲ್ಲಿ ಅವರು, ಚುಕ್ಕೆಗಳಿಂದಲೇ ಸಾಮಾನ್ಯ ಅಕ್ಷರದ ಆಕಾರ ಮೂಡಿಸುವ ಇನ್ನೊಂದು ಕ್ರಮ ಪ್ರಕಟಿಸಿದರು. ಅಂಧ ಮಗ ಬರೆದದ್ದನ್ನು ಕಣ್ಣಿದ್ದ ತಾಯಿ ಓದಬಹುದಾಯಿತು, ನಡುವೆ ಮೂರನೆಯವರಿಲ್ಲದೆ.

ಆದರೂ ಅವರ ಆರು ಚುಕ್ಕೆಗಳನ್ನು ಶಾಲೆಯ ಮುಖ್ಯಸ್ಥರೇ ಕೆಲಕಾಲ ನಿಲ್ಲಿಸಿದರು. ಮಕ್ಕಳು ಗುಟ್ಟಾಗಿ ಬರೆಯುತ್ತಲೇ ಇದ್ದರು. ಕ್ಷಯದಿಂದ ಲೂಯಿ 1852ರ ಜನವರಿ 6ರಂದು ತೀರಿಕೊಂಡರು. ಫ್ರಾನ್ಸ್ ಆ ಲಿಪಿಯನ್ನು ಅಧಿಕೃತವಾಗಿ ಒಪ್ಪಿದ್ದು 1854ರಲ್ಲಿ. ಅವರು ಆ ದಿನ ಕಾಣಲಿಲ್ಲ.

1951ರಿಂದ ಭಾರತಿ ಬ್ರೈಲ್ ಮೂಲಕ ಕನ್ನಡವೂ ಅದೇ ಆರು ಚುಕ್ಕೆಗಳಲ್ಲಿದೆ. ಅ ಎಂದರೆ ಒಂದು ಚುಕ್ಕೆ, ಕ ಎಂದರೆ ಎರಡು. ನಮ್ಮ ಗದಗಿನ ಪುಟ್ಟರಾಜ ಗವಾಯಿಗಳು ಭಗವದ್ಗೀತೆಯನ್ನು ಬ್ರೈಲಿಗೆ ತಂದವರು.

ಬಂಧುಗಳೇ, ಬುದ್ಧನ ಮಾತು ಶತಮಾನಗಳ ಕಾಲ ಕಿವಿಯಿಂದ ಕಿವಿಗೆ ಬಂತು. ಆದರೂ ಬರ, ಯುದ್ಧಗಳ ಕಾಲದಲ್ಲಿ ಸಿಂಹಳದ ಭಿಕ್ಷುಗಳು ಅದನ್ನು ತಾಳೆಗರಿಗೆ ಇಳಿಸಿದರು. ಕೇಳುವುದು ದೊಡ್ಡದು. ಆದರೆ ಕೇಳಿದ್ದು ನಮ್ಮ ಕೈಯಲ್ಲಿ ಉಳಿಯಲು ಅಕ್ಷರ ಬೇಕು.

ಆ ತಾಯಿಗೆ ನಾನು ಹೇಳಿದ್ದು ಇಷ್ಟೇ: ಮೊಬೈಲು ಇರಲಿ, ಬ್ರೈಲೂ ಇರಲಿ. ಕಾಗುಣಿತ ಬೆರಳಿಗೆ ಹತ್ತಿದರೆ ನಾಳೆ ಅವಳು ಮಸಾಲೆ ಡಬ್ಬಿಗೆ ತಾನೇ ಚೀಟಿ ಅಂಟಿಸುತ್ತಾಳೆ, ತನ್ನ ಲೆಕ್ಕ ತಾನೇ ಬರೆಯುತ್ತಾಳೆ, ತನ್ನ ಮಗುವಿಗೆ ಕಥೆ ಓದಿ ಹೇಳುತ್ತಾಳೆ. ನೀವೂ ಸ್ವಲ್ಪ ಕಲಿಯಿರಿ, ಮನೆಯಲ್ಲಿ ಚೀಟಿ ಬರೆದಿಟ್ಟು ಹೋಗಲು ಬರುತ್ತದೆ.

ಇಂದು ನಮ್ಮ ಪ್ರಶ್ನೆ: ನಮ್ಮ ಕರುಣೆ ಇನ್ನೊಬ್ಬರ ಕೈ ಹಿಡಿದು ನಡೆಸುತ್ತಿದೆಯೋ, ಅವರೇ ನಡೆಯುವಂತೆ ಮಾಡುತ್ತಿದೆಯೋ?

ಸಕಲ ಜೀವಿಗಳಿಗೂ ಮಂಗಳವಾಗಲಿ. 🙏
ಬೌದ್ಧ ಅಧ್ಯಯನ ಬಳಗ, ದೇಶಪಾಂಡೆ ನಗರ, ಹುಬ್ಬಳ್ಳಿ