ಜಾನ್ ವೆಸ್ಲಿ: ಆ ರಾತ್ರಿಯ ನಂತರ

ಬೀದರ್, ಭಾಲ್ಕಿ, ಔರಾದ್ ಮೂರೂ ಕಡೆಯಿಂದ ಬಂದೀರಿ, ದೇವರಿಗೆ ಸ್ತೋತ್ರ.

ಇಲ್ಲಿ ಕೂತವರಲ್ಲಿ ಬಹಳ ಜನರ ಅಜ್ಜ-ಅಜ್ಜಿ ಮೆಥೋಡಿಸ್ಟ್ ಸಭೆಯವರು. ಈಗಲೂ ಒಂದೇ ಮನ್ಯಾಗ ಅಣ್ಣ ಮೆಥೋಡಿಸ್ಟ್, ತಮ್ಮ ಪೆಂತೆಕೊಸ್ತ್. ಕ್ರಿಸ್ಮಸ್‌ಗೆ ಕೂಡಿದಾಗ ತಮ್ಮ ಕೇಳ್ತಾನ, ನಿನಗ ರಕ್ಷಣೆ ಆಗ್ಯದೇನು ಅಂತ. ಅಣ್ಣನಿಗೆ ಸಿಟ್ಟು ಬರ್ತದ. ಇದರಿಂದ ಎಷ್ಟೋ ಮನೆಗಳಲ್ಲಿ ಮಾತೇ ನಿಂತಾವ. ಅದಕ್ಕೇ ಇವತ್ತು ಆ ಅಣ್ಣನ ಸಭೆ ಯಾರಿಂದ ಶುರುವಾಯ್ತೋ ಆ ಜಾನ್ ವೆಸ್ಲಿಯವರ ಜೀವನ ಹೇಳ್ತೀನಿ. ತಮ್ಮನೂ ಕಿವಿಗೊಡಲಿ.

1703ರಲ್ಲಿ ಇಂಗ್ಲೆಂಡಿನ ಎಪ್‌ವರ್ತ್ ಊರಿನ ಪಾದ್ರಿಯ ಮನೆಯಲ್ಲಿ ಹುಟ್ಟಿದರು. ಐದು ವರ್ಷದವರಿದ್ದಾಗ ಮನೆಗೆ ಬೆಂಕಿ ಬಿತ್ತು. ಜನರು ಒಬ್ಬರ ಹೆಗಲ ಮೇಲೆ ಒಬ್ಬರು ನಿಂತು ಕಿಟಕಿಯಿಂದ ಹುಡುಗನನ್ನು ಇಳಿಸಿದರು. ಆಕ್ಸ್‌ಫರ್ಡಿನಲ್ಲಿ ಉಪವಾಸ, ಪ್ರಾರ್ಥನೆ, ಸೆರೆಮನೆ ಭೇಟಿ ಎಲ್ಲವೂ ಕ್ರಮಬದ್ಧ. ಮೆಥೋಡಿಸ್ಟ್ ಅನ್ನೋ ಹೆಸರೇ ಅಲ್ಲಿಯ ಹುಡುಗರು ಗೇಲಿಗೆ ಇಟ್ಟದ್ದು, ನೋಡ್ರಿ. 1735ರಲ್ಲಿ ಮಿಷನರಿಯಾಗಿ ಅಮೆರಿಕದ ಜಾರ್ಜಿಯಾಕ್ಕೆ ಹಡಗು ಹತ್ತಿದರು. ಬಿರುಗಾಳಿಯಲ್ಲಿ ಮೊರೇವಿಯನ್ ಕುಟುಂಬಗಳು ಶಾಂತವಾಗಿ ಹಾಡುತ್ತಿದ್ದವು, ಈ ಪಾದ್ರಿಗೆ ಸಾವಿನ ಭಯ. ಸೋತು ಹಿಂದಿರುಗಿದರು. 1738ರ ಮೇ 24ರ ರಾತ್ರಿ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಕೂಟದಲ್ಲಿ ಯಾರೋ ಲೂಥರನ ಬರಹ ಓದುತ್ತಿದ್ದಾಗ ಅವರ ಹೃದಯ ಬೆಚ್ಚಗಾಯಿತು. ತನ್ನ ಪಾಪ ಕ್ಷಮಿಸಲ್ಪಟ್ಟಿದೆ ಅನ್ನೋ ಭರವಸೆ ಬಂತು. ಹಲ್ಲೆಲೂಯಾ!

ನಮ್ಮ ಬೋಧಕರು ಸಾಮಾನ್ಯವಾಗಿ ಇಲ್ಲಿಗೇ ಕಥೆ ನಿಲ್ಲಿಸ್ತಾರ. ಕೈ ಎತ್ತಿದ, ಅತ್ತ, ರಕ್ಷಣೆ ಆಯ್ತು, ಮುಗೀತು. ವೆಸ್ಲಿಯವರಿಗೆ ಅದು ಬಾಗಿಲು ಮಾತ್ರ, ಮನೆ ಒಳಗಿತ್ತು.

ಜಾರ್ಜಿಯಾದಲ್ಲೇ ಅವರು ಮಕಾರಿಯಸ್ ಹೆಸರಿನ ಪುರಾತನ ಪ್ರಸಂಗಗಳನ್ನು ಓದಿದ್ದರು. ಆ ಪೂರ್ವದೇಶದ ಪಿತೃಗಳು, ನಾಲ್ಕನೇ ಶತಮಾನದ ಅಥನಾಸಿಯಸ್ ಕೂಡ, ಕಲಿಸಿದ್ದು ಏನು? ದೇವರು ಮನುಷ್ಯನಾದದ್ದು ಕ್ಷಮಿಸೋದಕ್ಕೆ ಮಾತ್ರ ಅಲ್ಲ, ಮನುಷ್ಯನನ್ನು ತನ್ನ ಜೀವದಲ್ಲಿ ಸೇರಿಸಿಕೊಳ್ಳೋದಕ್ಕೆ. ಗ್ರೀಕಿನಲ್ಲಿ ಇದಕ್ಕೆ ಥಿಯೋಸಿಸ್ ಅಂತಾರ. 2 ಪೇತ್ರ 1:4 ತೆಗೆದು ನೋಡ್ರಿ. ಬಸವಕಲ್ಯಾಣ ಇರೋ ಜಿಲ್ಲೆಯವರು ನಾವು, ಐಕ್ಯ ಅನ್ನೋ ಮಾತು ಕೇಳ್ಕೋತ ಬೆಳೆದೀವಿ. ಅದನ್ನೇ ತಂದು ಇದಕ್ಕ ಹಚ್ಚಬ್ಯಾಡ್ರಿ. ಇಲ್ಲಿ ಸೃಷ್ಟಿಕರ್ತ ಸೃಷ್ಟಿಕರ್ತನೇ, ಮನುಷ್ಯ ಮನುಷ್ಯನೇ.

ಲೂಥರನ ಕಡೆಯವರು ಒತ್ತಿ ಹೇಳಿದ್ದು, ಕ್ರಿಸ್ತನ ನೀತಿ ನಮ್ಮ ಮೇಲೆ ಹೊದಿಸಿದ ನಿಲುವಂಗಿ ಇದ್ದಂಗ. ವೆಸ್ಲಿ ಅದನ್ನ ಒಪ್ಪಿದರು, ಆದ್ರೆ ಅಂಗಿಯ ಒಳಗಿನ ಮನುಷ್ಯನೂ ಬದಲಾಗಬೇಕು ಅಂದರು. ನಮ್ಮ ಬಿದರಿ ಕೆಲಸ ನೋಡಿದೀರಲ್ಲ? ಬೆಳ್ಳಿ ಮೇಲೆ ಬಳಿಯೋದಿಲ್ಲ. ಉಳಿಯಿಂದ ಲೋಹ ಕೊರೆದು, ಆ ಗೀರಿನೊಳಗೆ ಬಡಿದು ಕೂಡಿಸ್ತಾರ. ಆಮೇಲೆ ಕೋಟೆಯ ಮಣ್ಣು ಹಚ್ಚಿದರೆ ಪಾತ್ರೆ ಕಪ್ಪಾಗ್ತದ, ಬೆಳ್ಳಿ ಹೊಳೀತದ. ಪಾತ್ರೆ ಬೆಳ್ಳಿ ಆಗಲಿಲ್ಲ. ಆದ್ರ ಆ ಬೆಳ್ಳಿ ಈಗ ಪಾತ್ರೆಯದೇ. ಉಳಿ ಏಟು ಮಾತ್ರ ತಿನ್ನಬೇಕು, ಆಮೆನ್?

ದೇವರನ್ನೂ ನೆರೆಯವನನ್ನೂ ಪೂರ್ಣ ಹೃದಯದಿಂದ ಪ್ರೀತಿಸೋದು, ಇದನ್ನೇ ಅವರು ಪರಿಪೂರ್ಣತೆ ಅಂದರು. 1766ರಲ್ಲಿ ಅದರ ಬಗ್ಗೆ ಪುಸ್ತಕವನ್ನೇ ಮಾಡಿದರು. ತಪ್ಪು ತಿಳುವಳಿಕೆ, ಶೋಧನೆ ಇರೋದೇ ಇಲ್ಲ ಅಂತ ಹೇಳಲಿಲ್ಲ. ತಾನು ಅಲ್ಲಿಗೆ ಮುಟ್ಟಿದೀನಿ ಅಂತಲೂ ಸಾರಲಿಲ್ಲ. ಅವರ ದಾಂಪತ್ಯವೂ ಸುಖವಾಗಿರಲಿಲ್ಲ, ಅದನ್ನ ಮುಚ್ಚಿಡೋದು ಬೇಡ. ಆದರೆ ಕಲ್ಲಿದ್ದಲು ಗಣಿಯವರಿಗೆ ಬಯಲಲ್ಲಿ ಸುವಾರ್ತೆ ಸಾರಿದರು. 1774ರಲ್ಲಿ ಗುಲಾಮಗಿರಿಯ ವಿರುದ್ಧ ಬರೆದರು. ಅವರ ಈ ಪರಿಶುದ್ಧತೆಯ ಬೋಧನೆಯಿಂದಲೇ ಹೋಲಿನೆಸ್ ಸಭೆಗಳು ಬಂದವು, ಅಲ್ಲಿಂದ ಬಂದ ವಿಲಿಯಂ ಸೇಮೋರ್ 1906ರಲ್ಲಿ ಅಝೂಸಾ ಬೀದಿಯ ಕೂಟ ನಡೆಸಿದರು. ಅಂದ್ರ ತಮ್ಮಾ, ನಿನ್ನ ಅಜ್ಜನೂ ಇವರೇ.

ವೆಸ್ಲಿಯವರ ಆಪ್ತ ಗೆಳೆಯ ಜಾರ್ಜ್ ವಿಟ್‌ಫೀಲ್ಡ್. ರಕ್ಷಣೆ ಹೊಂದುವವರನ್ನು ದೇವರು ಮೊದಲೇ ಆರಿಸಿಟ್ಟಿದ್ದಾನೆ ಅಂತ ವಿಟ್‌ಫೀಲ್ಡ್, ಕೃಪೆ ಎಲ್ಲರಿಗೂ ತೆರೆದಿದೆ ಅಂತ ವೆಸ್ಲಿ. ಜಗಳ ಅಚ್ಚಿನಲ್ಲೇ ನಡೆಯಿತು, ದಾರಿ ಎರಡಾಯಿತು. ಆದರೂ ತಾನು ಸತ್ತರೆ ಪ್ರಸಂಗ ಮಾಡಬೇಕಾದವರು ವೆಸ್ಲಿಯೇ ಅಂತ ವಿಟ್‌ಫೀಲ್ಡ್ ಇಚ್ಛಿಸಿದ್ದರು. 1770ರಲ್ಲಿ ತೀರಿಕೊಂಡರು. ನವೆಂಬರಿನಲ್ಲಿ ಲಂಡನ್ನಿನಲ್ಲಿ, ಗೆಳೆಯನ ಜನರೇ ತುಂಬಿದ್ದ ಆಲಯದಲ್ಲಿ, ವೆಸ್ಲಿ ಎದ್ದು ನಿಂತು ಆ ಪ್ರಸಂಗ ಮಾಡಿದರು.

ಕಣ್ಣು ಮುಚ್ಚೋಣ, ಪ್ರಾರ್ಥಿಸೋಣ.